ಹೆಸರು ಹಾಕಿದ ಬಾಂಡೆ

ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಮಣ್ಣಿನ ಮಾಳಿಗೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸುವುದಿದೆ. ಮಾತಾಡುವವರು ಇಬ್ಬರು: ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತಳಾದ ಅತ್ತಿ, ಬೆಳಗಾವಿಯಲ್ಲಿ ವಕೀಲಿಕೆ ಮಾಡುವ ಅವಳ ಅಣ್ಣನ ಮಗಳು. ಇಬ್ಬರ ಹೆಸರೂ ಇಲ್ಲಿ ಬೇಡ, ಹೆಸರಿನ ಮಾತೇ ಮುಂದೆ ಬಹಳ ಬರುತ್ತದೆ.

ಸೊಸಿ: ಅತ್ತಿ, ಮೋಡಕಾದಾಂವ ನಾಳೆ ಮುಂಜಾನೆ ಗಾಡಿ ತರತಾನಂತ. ತಾಮ್ರ ಬ್ಯಾರೆ, ಹಿತ್ತಾಳಿ ಬ್ಯಾರೆ ತೂಕ ಹಾಕತೇನಿ ಅಂದಾನ. ಹೊಸಾ ಮನ್ಯಾಗ ನ್ಯಾಗೊಂದಿ ಇರೂದಿಲ್ಲ, ಇಷ್ಟು ಬಾಂಡೆ ಎಲ್ಲಿ ಇಡೂದು ಅಂತಾನ ಅಪ್ಪ.

ಅತ್ತಿ: ತೂಕದ ಮಾತು ಆಮ್ಯಾಲ. ಮದ್ಲ ಅವನ್ನೆಲ್ಲಾ ಕೆಳಗ ಇಳಸು. ಹುಣಸಿಹಣ್ಣು, ಬೂದಿ ತಗೊಂಡು ಬಾ. ಬೆಳಗೂಣು.

ಸೊಸಿ: ಮೋಡಕಾಕ್ಕ ಹಾಕೂ ಬಾಂಡೆ ಯಾರರ ಬೆಳಗತಾರೇನ? ಅಂವಗ ಹೊಳಪು ತಗೊಂಡು ಏನಾಗಬೇಕು?

ಅತ್ತಿ: ಅಂವಗಲ್ಲವಾ, ನಮಗ. ಬೆಳಗಿದ್ರನ ಓದಾಕ ಬರತೈತಿ. ಇಲ್ಲೆ ಬಾ, ತಲಬಾಗಲಾಗ ಕುಂಡರೂಣು. ಬಿಸಲು ಓರಿ ಬಿದ್ರ ಅಕ್ಷರ ಎದ್ದು ಕಾಣತಾವ. ಈ ಚರಗಿ ಹಿಡಿ. ಕಂಠದ ಕೆಳಗ ಬೆರಳಾಡಸು.

ಸೊಸಿ: ತರಿತರಿ ಹತ್ತತೈತಿ. ಗೀಟಿಲ್ಲ, ಬರೇ ಚುಕ್ಕಿ ಅದಾವ.

ಅತ್ತಿ: ಚುಕ್ಕಿನ. ಬೈಲಹೊಂಗಲ ಪ್ಯಾಟ್ಯಾಗ ಬಾಂಡೆ ಅಂಗಡಿ ಕಟ್ಟಿ ಮ್ಯಾಲ ಒಬ್ಬಾಂವ ಕುಂಡರತಿದ್ದ. ಕೈಯಾಗ ಬೆರಳಿನಷ್ಟು ಚಾಣ, ಒಂದು ಸಣ್ಣ ಸುತಗಿ. ಬಾಂಡೆ ತೊಡಿ ನಡಕ ಒತ್ತಿ ಹಿಡದು ಟಕಟಕ ಬಡಕೋತ ಹೋಗಾಂವ. ಅಕ್ಷರಕ್ಕಿಷ್ಟು ಅಂತ ರೊಕ್ಕ. ಅದಕ್ಕ ಬಡವರ ಬಾಂಡೆ ಮ್ಯಾಲ ಹೆಸರು ಗಿಡ್ಡ, ಉಳ್ಳವರ ಬಾಂಡೆ ಮ್ಯಾಲ ಅಡ್ಡಹೆಸರು, ಊರು, ಇಸವಿ ಸುದ್ದಾ. ದೀರ್ಘ, ಒತ್ತು ಅಂದ್ರ ಅಂವಗ ಆಗತಿರಲಿಲ್ಲ. ಸಾಲಿ ಕಲಿಸಿದಾಕಿ ನಾನು, ಕೈ ಕೆಂಪು ಪೆನ್ನಿನ ಕಡೆ ಹೋಗತಿತ್ತು. ಆದ್ರ ಅಂವ ಕಿವಿಗೆ ಬಿದ್ದಂಗ ಬಡದಿದ್ದಕ್ಕನ ನಮ್ಮ ಮಂದಿ ಒಬ್ಬರನ್ನೊಬ್ಬರು ಹೆಂಗ ಕರೀತಿದ್ರು ಅನ್ನೂದು ಇವತ್ತಿಗೂ ತಿಳೀತೈತಿ.

ಸೊಸಿ: ಇದರಾಗ ಮದ್ಲ 'ಸೌ' ಐತಿ, ಆಮ್ಯಾಲ ಎಲ್ಲಮ್ಮನ ಹೆಸರು, ಆಮ್ಯಾಲ ಒಂದು ಊರು, 'ಸನ್ 1931'. ಈ ಹೆಸರಿನಾಕಿ ನಮ್ಮ ಮನ್ಯಾಗ ಯಾರಿದ್ರು? ಯಾವುದೋ ಮದಿವಿ ಗದ್ದಲದಾಗ ಬ್ಯಾರೆದವರ ಚರಗಿ ಬಂದಿರಬೇಕು.

ಅತ್ತಿ: ನಮ್ಮದ ಐತಿ. ನಮ್ಮ ಆಯಿದು. ನಿಮ್ಮ ಮುತ್ಯಾನ ಹಡದವ್ವ.

ಸೊಸಿ: ಅಕಿ ಹೆಸರು ಅದಲ್ಲಲ್ಲ!

ಅತ್ತಿ: ನಿನಗ ಗೊತ್ತಿದ್ದ ಹೆಸರು ಈ ಮನ್ಯಾಗ ಇಟ್ಟದ್ದು. ಅಕಿ ಹುಟ್ಟೂ ಮುಂದ ಸವದತ್ತಿ ಗುಡ್ಡಕ್ಕ ಹರಕಿ ಹೊತ್ತಿದ್ರಂತ, ಅದಕ್ಕ ತಾಯಿ ಹೆಸರು ಇಟ್ಟಿದ್ರು. ಲಗ್ನಾಗಿ ಇಲ್ಲಿಗೆ ಬಂದ್ರ ಅತ್ತಿ ಹೆಸರೂ ಅದ! ಸೊಸಿನ್ನ ಕೂಗಿದ್ರ ಅತ್ತಿ ಹೆಸರು ಹಿಡದಂಗಾಗತೈತಿ. ಆ ಹೆಸರಿಟ್ಟುಕೊಂಡು ಸೊಸಿನ್ನ ಬೈಯಾಕೂ ಬರೂದಿಲ್ಲ. ಬೈಯೂದಂತೂ ಇದ್ದದ್ದ ಅಲ್ಲ? ಅಕ್ಕಿಕಾಳು ಬಿದ್ದ ದಿನಾನ ಹೆಸರು ಬದಲ ಮಾಡಿದ್ರು. ಹನ್ನೆರಡು ವರ್ಷದ ಹುಡುಗಿ. ಅವತ್ತಿನಿಂದ ಸಾಯೂತನಕ ಹೊಸಾ ಹೆಸರು. ರೇಶನ್ ಕಾರ್ಡಿನ್ಯಾಗ ಅದು, ಮತದಾರರ ಪಟ್ಟ್ಯಾಗ ಅದು, ಸಮಾಧಿ ಕಲ್ಲಿನ ಮ್ಯಾಲೂ ಅದು. ಚರಗಿ ಮಾತ್ರ ತವರಿನವರು ಮದಿವಿ ಸಲವಾಗಿ ಮುಂಚೇನ ಹೆಸರು ಹಾಕಿಸಿ ತಂದಿದ್ರು. ಚಾಣದಲೆ ಬಡದದ್ದನ್ನ ಅಳಸಾಕ ಬರತೈತೇನ?

ಸೊಸಿ: ಅಂದ್ರ ಅಕಿ ಹುಟ್ಟಿದ ಹೆಸರು ಉಳದದ್ದು ಇದೊಂದ ಕಡೆ.

ಅತ್ತಿ: ಇದೊಂದ ಕಡೆ. ನಾಳೆ ಅದು ಅಂವನ ತಕ್ಕಡಿ ಮ್ಯಾಲ ಏರತಿತ್ತು.

ಸೊಸಿ: ಮತ್ತ ಈ ಊರು? ನಾ ಸವದತ್ತಿ ಕೋರ್ಟಿಗೆ ಹೋಗತಿರತೇನಿ, ಈ ಹೆಸರಿನ ಊರು ಎಲ್ಲೂ ಕಂಡಿಲ್ಲ.

ಅತ್ತಿ: ಎಲ್ಲಿ ಕಾಣಬೇಕು? ನವಿಲತೀರ್ಥದಾಗ ಮಲಪ್ರಭಾಕ್ಕ ಆಣಿಕಟ್ಟು ಕಟ್ಟಿದ್ರಲ್ಲ, 1970ರ ದಶಕದ ಸುರುವಿಗೆ, ಹಿನ್ನೀರಾಗ ಹೋತು. ಈಗ ಅದಕ್ಕ ರೇಣುಕಾ ಸಾಗರ ಅಂತಾರ. ಆ ನೀರಿನಿಂದ ಕೆಳಗಿನ ಹೊಲಾ ಹಸರಾದ್ವು, ಅದನ್ನ ನಾ ಇಲ್ಲ ಅನ್ನೂದಿಲ್ಲ. ಆದ್ರ ಆಯಿಗೆ ತವರೂರು ಅಂದ್ರ ನೀರಿಗೆ ಬೊಟ್ಟು ಮಾಡಿ ತೋರಿಸೂದಾಗಿತ್ತು. ಗುಡ್ಡಕ್ಕ ಹೋದಾಗೊಮ್ಮೆ ಮ್ಯಾಲ ನಿಂತು, 'ಅಕಾ ಅಲ್ಲಿ, ಆ ನೀರು ಹೊಳಿಯಾಕತ್ತೈತಲ್ಲ, ಅಲ್ಲಿ ನಮ್ಮ ಮನಿ ಇತ್ತು' ಅಂತಿದ್ಲು. ನಾವು ಹುಡುಗರು ಪ್ರತಿ ವರ್ಷ ಬ್ಯಾರೆ ಬ್ಯಾರೆ ಜಾಗಾ ನೋಡಿ ತಲಿ ಅಲ್ಲಾಡಸತಿದ್ವಿ.

ಸೊಸಿ: ಗುಡ್ಡಕ್ಕ ಚಕ್ಕಡಿ ಕಟಗೊಂಡು ಹೋಗತಿದ್ರೆಲ್ಲ?

ಅತ್ತಿ: ಬಾರತ ಹುಣ್ಣಿವಿಗೆ. ಹಿಂದಿನ ದಿನಾನ ಸಜ್ಜಿ ರೊಟ್ಟಿ, ಜ್ವಾಳದ ರೊಟ್ಟಿ ಬಡದು ಬಟ್ಟ್ಯಾಗ ಕಟ್ಟೂದು. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಬದನಿಕಾಯಿ ಎಣಗಾಯಿ. ದಾರಿ ತುಂಬ ಚಕ್ಕಡಿ ಸಾಲು, ಎತ್ತಿನ ಕೊಳ್ಳಾಗ ಗಂಟಿ, ಎದರಿಗೆ ಬಂದವರೆಲ್ಲಾ 'ಉಧೋ ಉಧೋ'. ಗುಡ್ಡದ ಮ್ಯಾಲ ಮೂರು ಕಲ್ಲು ಹೂಡಿ ಹೋಳಿಗಿ, ಕಡಬು ಮಾಡಿ ಪಡ್ಡಲಗಿ ತುಂಬೂದು. ಜೋಗುಳಬಾವಿ ನೀರು ತರೂದು ಈ ಚರಗಿಯೊಳಗನ. ಆಯಿ ಬ್ಯಾರೆ ಚರಗಿ ಮುಟ್ಟತಿರಲಿಲ್ಲ. ಗುಡ್ಡದ ಮ್ಯಾಲ ಕುಂತಾಗ ಅಕಿ ಚರಗಿ ತಿರಿಗಿಸಿ ತಿರಿಗಿಸಿ ಆ ಚುಕ್ಕಿ ಮ್ಯಾಲ ಹೆಬ್ಬೆರಳು ತಿಕ್ಕತಿದ್ಲು. ಓದಾಕ ಬರತಿರಲಿಲ್ಲ ಅಕಿಗೆ. ತನ್ನ ಹೆಸರು ಐತಿ ಅನ್ನೂದಷ್ಟ ಗೊತ್ತಿತ್ತು.

ಸೊಸಿ: ಮುಂಜಾನೆ ನಾ ಟ್ರಂಕಿನ್ಯಾಗಿನ ಕಾಗದಾ ಎಲ್ಲಾ ತಗದು ನೋಡಿದೆ. ಉತಾರ, ಹಿಸೆ ಪತ್ರ, ಕರಾರು. ಮೋಡಿ ಲಿಪಿಯೊಳಗಿನ ಒಂದು ಖರೀದಿ ಪತ್ರ. ರಾಮದುರ್ಗ ಸಂಸ್ಥಾನದ ಸ್ಟ್ಯಾಂಪು ಪೇಪರ್ ಒಂದು.

ಅತ್ತಿ: ಅದು ನಮ್ಮ ದೊಡ್ಡ ಅತ್ತಿ ಗಂಡನ ಮನಿ ಕಡೆದು. ರಾಮದುರ್ಗದಾಗ ಭಾವೆ ಅವರ ರಾಜ್ಯ ಇತ್ತು, 1948ರಾಗ ಮುಂಬಯಿ ರಾಜ್ಯದಾಗ ಸೇರಿತು. ಬೈಲಹೊಂಗಲದಾಗ ಇಂಗ್ರೇಜಿಯವರ ಕಾಯ್ದೆ, ಅಲ್ಲಿಗೆ ಹೋದ್ರ ರಾಜಾರ ಕಾಯ್ದೆ. ಹೆಣ್ಣು ಕೊಟ್ಟು ತರಾಕ ಮಾತ್ರ ಯಾವ ಗಡಿನೂ ಇರಲಿಲ್ಲ.

ಸೊಸಿ: ಆ ಕಾಗದದಾಗ ನಾಕು ತಲಿ ಗಂಡಸರ ಹೆಸರು ಸಿಕ್ಕವು. ಅಪ್ಪನ ಹೆಸರು, ಮುತ್ಯಾನ ಹೆಸರು, ಅವರಪ್ಪ, ಅವರಪ್ಪ. ಹೆಂಗಸರದು ಹುಡುಕಿದ್ರ ಒಂದು ಕಡೆ, 'ಅಜ್ಞಾನ ಪಾಲನಕರ್ತ ತಾಯಿ' ಅಂತ. ಗಂಡ ಸತ್ತು ಮಗ ಸಣ್ಣಾಂವ ಇದ್ದಾಗಿಂದು. ಮಗಗ ಹದಿನೆಂಟು ತುಂಬಿತು, ಮುಂದಿನ ಉತಾರದಾಗ ಅಕಿ ಹೆಸರು ಇಲ್ಲ.

ಅತ್ತಿ: ಈಗ ಈ ನ್ಯಾಗೊಂದಿಂದ ಇಳಿಸಿದ್ದು ನೋಡು. ಈ ಕೊಡಾ ನಮ್ಮವ್ವಂದು. ಈ ಪರಾತ ಅಕಿ ನೆಗೆಣ್ಣಿದು. ಕಂಚಿನ ಗಂಗಾಳ ನಮ್ಮ ಅತ್ತಿದು, ಕುಬಸದಾಗ ಬಂದದ್ದು. ತೊಟ್ಟಿಲಕ್ಕ ಬಂದ ಬಟ್ಟಲಾ. ಈ ಹಂಡೆ ಮ್ಯಾಲ ಇಬ್ಬರ ಹೆಸರು, ಅಕ್ಕ ತಂಗಿ ಕೂಡಿ ತವರಿನ ವಾಸ್ತುಕ್ಕ ಕೊಟ್ಟದ್ದು. ಎಲ್ಲಾ ಹೆಂಗಸರು. ಹೊಲದ ದಫ್ತರ ತಲಾಠಿ ಕಡೆ, ಹೆಂಗಸರ ದಫ್ತರ ನ್ಯಾಗೊಂದಿ ಮ್ಯಾಲ. ನಿಮ್ಮಪ್ಪ ಎರಡನೇದನ್ನ ಕಿಲೋದ ಲೆಕ್ಕದಾಗ ಮಾರಾಕ ಹೊಂಟಾನ.

ಸೊಸಿ: ಮತ್ತ ಬಂಗಾರ? ನೆನಪಿನ ವಸ್ತು ಅಂದ್ರ ಮಂದಿ ಮದ್ಲ ಬಂಗಾರದ ಮಾತ ಆಡತಾರ. ಆಯಿದು ಬೋರಮಾಳ ಇತ್ತಂತ, ಪುತಳಿ ಸರ ಇತ್ತಂತ.

ಅತ್ತಿ: ಇತ್ತು. ಬೋರಮಾಳ ಮುರಿಸಿ ನಮ್ಮವ್ವಗ ಪಾಟಲಿ ಮಾಡಿಸಿದ್ರು. ಪಾಟಲಿ ಮುರಿಸಿ ನನಗ ಸರ. ಸರ ಒತ್ತಿ ಇಟ್ಟು ಬೋರ ಹೊಡಿಸಿದ್ರು, ನೀರು ಬೀಳಲಿಲ್ಲ. ಬಂಗಾರಕ್ಕ ನೆನಪಿರೂದಿಲ್ಲವಾ. ಅದಕ್ಕ ಬೆಲಿ ಭಾಳ, ಹಂಗಾಗಿ ತಲಿಗೊಮ್ಮೆ ಕರಗತೈತಿ. ಹಿತ್ತಾಳಿ ಚರಗಿ ಕರಗಿಸಿ ಯಾರೇನ್ ಮಾಡತಾರ? ಬೆಲಿ ಇಲ್ಲದ್ದಕ್ಕನ ಅದು ಉಳೀತು.

ಸೊಸಿ: ಮುತ್ಯಾನ ಬೆಳ್ಳಿ ಕರಡಿಗಿ ಮಾತ್ರ ಐತಲ್ಲ.

ಅತ್ತಿ: ಐತಿ. ಲಿಂಗ ಅವರ ಕೈಯಾಗಿಟ್ಟು ಮಣ್ಣು ಕೊಟ್ವಿ, ಕರಡಿಗಿ ಮನ್ಯಾಗ ಉಳೀತು. ನಿಮ್ಮಣ್ಣನ ಮಗಗ ಕಾಲ್ಗಡಗ ಮಾಡಿಸೂಣು ಅಂತ ಒಬ್ಬರು ಅಂದ್ರು. ನಾ ಬ್ಯಾಡ ಅನ್ನಲಿಲ್ಲ, ನಿಮ್ಮವ್ವ ಬ್ಯಾಡ ಅಂದ್ಲು. ಹೊರಗಿಂದ ಬಂದ ಸೊಸಿಗೆ ಇದ್ದ ಅಂತಃಕರಣ ನಮಗಿರಲಿಲ್ಲ ನೋಡು.

ಸೊಸಿ: ಅತ್ತಿ, ಒಂದು ಕೇಳತೇನಿ, ಸಿಟ್ಟ ಮಾಡಬ್ಯಾಡ. ಚರಗಿ ಮ್ಯಾಲ ಹೆಸರು ಉಳೀತು ಅಂತ ಖುಷಿ ಪಡತಿ. ಹೊಲದ ಮ್ಯಾಲ ಯಾಕ ಉಳೀಲಿಲ್ಲ? ಮುತ್ಯಾ ಹೋದ ಮ್ಯಾಲ ನೀನೂ ದೊಡ್ಡತ್ತಿನೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹಕ್ಕು ಬಿಟ್ಟು ಸಹಿ ಮಾಡಿ ಬಂದ್ರಿ.

ಅತ್ತಿ: ಮಾಡಿದ್ವಿ. ಇಳಕಲ್ ಸೀರಿ ಉಡಿಸಿ, ಉಡಿ ತುಂಬಿ ಕಳಿಸಿದ್ರು.

ಸೊಸಿ: ಕಾಯ್ದೆ ನಿಮ್ಮ ಕಡೆ ಇತ್ತು. 1994ರಾಗ ಕರ್ನಾಟಕ ಸರಕಾರ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಾಗ ಸಮಪಾಲು ಅಂತ ಮಾಡಿತು. ಆದ್ರ ಅದಕ್ಕಿಂತ ಮುಂಚೆ ಮದಿವಿ ಆದವರಿಗೆ ಇಲ್ಲ ಅಂತ ಬಾಗಲಾ ಹಾಕಿತು. ನೀ ಆ ಬಾಗಲದ ಹೊರಗ. 2005ರಾಗ ಕೇಂದ್ರದ ತಿದ್ದುಪಡಿ ಬಂತು. ಮದಿವಿ ಆಗಿರಲಿ ಬಿಡಲಿ, ಮಗಳು ಮಗನಷ್ಟ ಪಾಲುಗಾರ್ತಿ. 2020ರಾಗ ವಿನೀತಾ ಶರ್ಮಾ ಪ್ರಕರಣದಾಗ ಸುಪ್ರೀಂ ಕೋರ್ಟು, 2005ಕ್ಕ ಅಪ್ಪ ಬದುಕಿರಬೇಕಂತನೂ ಇಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಅಂತು.

ಅತ್ತಿ: ನಿಮ್ಮ ಕಾಯ್ದೆ ಪುಸ್ತಕದಾಗ 'ತವರಿನ ಬಾಗಲಾ' ಅನ್ನೂ ಕಲಂ ಐತೇನ? ಪಾಲು ಕೇಳಿದ್ರ ಪಂಚಮಿಗೆ ಕರೆಯಾಕ ಬರೂದಿಲ್ಲ. ಪಂಚಮಿಗೆ ಅಣ್ಣ ಕರೆಯಾಕ ಬರಲಿಲ್ಲ ಅಂದ್ರ ಹೆಂಗಿರತೈತಿ ಅನ್ನೂದು ನಿನಗ ತಿಳೀಬೇಕಾದ್ರ ಇನ್ನೂ ಟೈಮ್ ಐತಿ.

ಸೊಸಿ: ಪ್ರೀತಿ ಒಂದು ಕಡೆ, ಎರಡೆಕರೆ ಒಂದು ಕಡೆ ಇಟ್ಟು ಹೆಣ್ಣುಮಕ್ಕಳಿಗೆ ಆರಿಸು ಅಂತಾರ. ಗಂಡುಮಕ್ಕಳಿಗೆ ಎರಡೂ ಸಿಗತಾವ. ಇದು ತಪ್ಪಲ್ಲ?

ಅತ್ತಿ: ತಪ್ಪ. ನಾ ತಪ್ಪಲ್ಲ ಅಂತ ಎಲ್ಲಿ ಅಂದೆ? ನಮ್ಮ ಮಣ್ಣಿನ್ಯಾಗ ವಾರಸದಾರಕಿ ಜಗಳಕ್ಕೇನ್ ಬರಾ ಐತೇನ? ಕಿತ್ತೂರಿನ ಯುದ್ಧ ಸುರು ಆದದ್ದ ಎಲ್ಲಿಂದ? ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದ ತೀರಿಕೊಂಡ, ದತ್ತಕ ತಗೊಂಡ ಶಿವಲಿಂಗಪ್ಪನ್ನ ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅರಮನಿ ಖಜಾನಿಗೆ ಬೀಗಮುದ್ರಿ ಹಾಕಾಕ ಬಂದ. 1824ರ ಅಕ್ಟೋಬರ್ 23ಕ್ಕ ಕೋಟಿ ಬಾಗಲದಾಗ ಸತ್ತ. ಡಿಸೆಂಬರಿನ್ಯಾಗ ಇಂಗ್ರೇಜಿಯವರು ದೊಡ್ಡ ದಂಡು ತಂದು ಕೋಟಿ ತಗೊಂಡ್ರು. ರಾಣಿ ಚೆನ್ನಮ್ಮನ್ನ ತಂದು ಇಟ್ಟದ್ದು ನಮ್ಮ ಬೈಲಹೊಂಗಲದಾಗ, 1829ರಾಗ ಅಕಿ ಸತ್ತದ್ದೂ ಇಲ್ಲೇ. ಸಾಲಿ ಹುಡುಗರನ್ನ ಪ್ರತಿ ವರ್ಷ ಅಕಿ ಸಮಾಧಿಗೆ ಕರಕೊಂಡು ಹೋಗತಿದ್ದೆ.

ಸೊಸಿ: ಹೆಂಗಸು ವಾರಸಾ ವಿಷಯದಾಗ ಬಾಯಿ ತಗದ್ರ ಕುದರಿ ಮ್ಯಾಲಿನ ಮೂರ್ತಿ ಕಟ್ಟತೇವಿ. ಮನಿ ಹೆಂಗಸು ತಗದ್ರ ಪಂಚಮಿ ಉಂಡಿ ಬಂದ್!

ಅತ್ತಿ: ಕಿತ್ತೂರು ಕೋಟ್ಯಾಗಿನ ವಸ್ತುಸಂಗ್ರಹಾಲಯಕ್ಕ ಹೋದಾಗೊಮ್ಮೆ ನನಗೊಂದು ಕೊರತಿ ಕಾಡತಿತ್ತು. ಕತ್ತಿ ಅದಾವ, ಕವಚ ಅದಾವ, ಕೆತ್ತಿದ ಬಾಗಲಾ ಅದಾವ. ಅಕಿ ಉಂಡ ತಾಟು? ನೀರು ಕುಡದ ತಂಬಗಿ? ಅಂಥಾವನ್ನ ಯಾರು ಎತ್ತಿಡತಾರ! ಯುದ್ಧದ ಸಾಮಾನು ಸರಕಾರ ಕಾಯತೈತಿ, ಅಡಗಿ ಮನಿ ಸಾಮಾನು ಮನಿಯವರ ಕಾಯಬೇಕು.

ಸೊಸಿ: ಶಿರಸಂಗಿ ಲಿಂಗರಾಜರೂ ದತ್ತಕ ಬಂದವರ.

ಅತ್ತಿ: ಹೌದು. ಅವರದು ಇನ್ನೊಂದು ದಾರಿ. ಮಕ್ಕಳಿರಲಿಲ್ಲ. 1906ರಾಗ ತೀರಿಕೊಂಡ್ರು, ದೇಸಗತಿ ಆಸ್ತಿ ಎಲ್ಲಾ ಬಡ ಹುಡುಗರ ವಿದ್ಯಾಕ್ಕ ಬರದಿಟ್ಟು ಹೋದ್ರು. ಬೆಳಗಾವಿ ಲಿಂಗರಾಜ ಕಾಲೇಜಿಗೆ ಅವರದ ಹೆಸರು. ಅಂಥವರು ಸಾವಿರಕ್ಕೊಬ್ಬರು. ಉಳದವರು ನಾವು ಹೊಡದಾಡತೇವಿ. ಇರಲಿ, ಆ ಗಂಟು ಬಿಚ್ಚು.

ಸೊಸಿ: ಕೌದಿ. ಅಬ್ಬಾ, ಎಷ್ಟ ಭಾರ ಐತಿ!

ಅತ್ತಿ: ಹಾಸು ಪಡಸಾಲ್ಯಾಗ. ಪೂರಾ ಹಾಸು, ಮಡಿಕಿ ಬಿಡಸು. ಬಾಂಡೆದ್ದು ಓದಿದೆಲ್ಲ, ಇದನ್ನೂ ಓದು.

ಸೊಸಿ: ಇದರಾಗ ಹೆಸರೆಲ್ಲೈತಿ?

ಅತ್ತಿ: ತುಂಡಿನ್ಯಾಗ ಐತಿ. ಈ ಬಿಳೆ, ದಪ್ಪನ್ನ ತುಂಡು ನೋಡು, ಖಾದಿ. ನಮ್ಮಾಯಿ ಗಂಡನ ಧೋತರ. 1937ರಾಗ ಗಾಂಧೀಜಿ ಹುದಲಿಗೆ ಬಂದು ಒಂದು ವಾರ ಇದ್ರಲ್ಲ, ಆವಾಗ ಇಲ್ಲಿಂದ ನಡಕೋತ ಹೋಗಿ ನೋಡಿ ಬಂದಿದ್ದ. ಬಂದ ಮ್ಯಾಲ ಖಾದಿ ಬಿಟ್ಟು ಬ್ಯಾರೆ ಉಡಲಿಲ್ಲ. ಅಂವಗ ಗಾಂಧೀಜಿ ಏನ್ ಹೇಳಿದ್ರು ಅಂತ ಕೇಳಿದ್ರ, 'ದೂರಿದ್ದೆ, ಕೇಳಿಸಲಿಲ್ಲ' ಅಂತಿದ್ದ. ಅದಕ್ಕ ಹತ್ತಿದ ಕೆಂಪು ತುಂಡು ನಮ್ಮವ್ವನ ಇಳಕಲ್ ಸೀರಿ ಸೆರಗು, ತೆನಿ ಕಾಣತಾವಲ್ಲ. ಕರೀದು ಚಂದ್ರಕಾಳಿ ಸೀರಿ. ಅದರ ಮ್ಯಾಲ ಕಸೂತಿ ಗೋಪುರ ಅರ್ಧ ಉಳದೈತಿ. ತಿರುವಿ ಹಾಕು. ಹಿಂದಿನ ಮಗ್ಗಲಾನೂ ಹಂಗ ಐತೇನ ನೋಡು.

ಸೊಸಿ: ಗಂಟ ಇಲ್ಲ! ಎರಡೂ ಕಡೆ ಒಂದ ನಮೂನಿ.

ಅತ್ತಿ: ಗಾವಂಟಿ ಅಂದ್ರ ಹಂಗ. ದಾರ ಎಲ್ಲಿ ಸುರು ಆತು ಎಲ್ಲಿ ಮುಗೀತು ತಿಳೀಬಾರದು. ಈ ನೀಲಿ ನನ್ನ ಸಾಲಿ ಪರಕಾರ. ಖಾಕಿ ನಿಮ್ಮಪ್ಪನ ಚಡ್ಡಿ, ಅಂವ ಒಪ್ಪೂದಿಲ್ಲ, ಆದ್ರ ಅದ. ಹೂವಿನ ಚೀಟಿ ನನ್ನ ತಂಗಿ ಕುಂಚಗಿ. ನೀ ಅಕಿನ್ನ ನೋಡಿಲ್ಲ, ಮೂರು ವರ್ಷದಾಕಿ ಇದ್ದಾಗ ದಡಾರ ಬಂದು ಹೋದ್ಲು. ಫೋಟೋ ಇಲ್ಲ, ಉತಾರ ಇಲ್ಲ, ಬಾಂಡೆ ಇಲ್ಲ. ಈ ಗೇಣುದ್ದದ ತುಂಡು ಐತಿ.

ಸೊಸಿ: ಅತ್ತಿ…

ಅತ್ತಿ: ಅಳಾಕ ಏನೂ ಇಲ್ಲ. ಅವ್ವನೂ ಅತ್ತಿರಲಿಲ್ಲ ಇದನ್ನ ಹೊಲಿಯೂ ಮುಂದ. ಮಧ್ಯಾಹ್ನ ಗಂಡಸರು ಹೊಲಕ್ಕ ಹೋದ ಮ್ಯಾಲ ಮೂರು ಮಂದಿ ಮೂರು ಮೂಲಿಗೆ ಕುಂಡರತಿದ್ರು: ನಮ್ಮವ್ವ, ನೆಗೆಣ್ಣಿ, ಬಾಜೂ ಮನಿಯಾಕಿ. ಅಂಚಿನಿಂದ ಸುರು ಮಾಡಿ ಸುತ್ತ ಹಾಕೋತ ನಡುವಿಗೆ ಬರೂದು. ಮಾತು, ನಗು, ಯಾರ ಸೊಸಿ ಬಸರಾಗ್ಯಾಳ, ಹೊಂಗಲದಾಗ ಹತ್ತಿ ಧಾರಣಿ ಎಷ್ಟ ಆತು, ಏಣಗಿ ಬಾಳಪ್ಪನ ಕಂಪನಿ ಎಲ್ಲಿ ಕ್ಯಾಂಪ್ ಹಾಕೈತಿ. ಹೊಲಗಿ ನೋಡಿದ್ರ ಯಾರು ಹಾಕಿದ್ದು ಅಂತ ಹೇಳತೇನಿ. ಒತ್ತೊತ್ತಾಗಿ ಎಳ್ಳಿನಷ್ಟ ಸಣ್ಣದು ಅವ್ವಂದು. ಉದ್ದುದ್ದ ಇದ್ದದ್ದು ನೆಗೆಣ್ಣಿದು, ಅಕಿಗೆ ಅವಸರ ಭಾಳ. ಇಲ್ಲಿ ನೋಡು, ಒಂದು ಗೇಣು ಅವ್ವನ ಹೊಲಗಿನೂ ಉದ್ದಾಗೇತಿ. ಅವತ್ತು ಇಬ್ಬರಿಗೂ ಜಗಳ ಆಗಿತ್ತು.

ಸೊಸಿ: ಅದೂ ಗೊತ್ತೈತಿ ನಿನಗ?

ಅತ್ತಿ: ಜಗಳ ಆದದ್ದ ನನ್ನ ಸಲವಾಗಿ. ಎಮ್ಮಿ ಹಾಲಿನ ಗಡಗಿ ಒಡದಿದ್ದೆ, ಇಬ್ಬರೂ ಒಬ್ಬರ ಮ್ಯಾಲ ಒಬ್ಬರು ಹಾಕಿದ್ರು. ಎರಡು ದಿನ ಮಾತು ಬಿಟ್ಟು ಎದರಾಬದರಾ ಕುಂತು ಹೊಲದ್ರು. ಕೌದಿ ಅರ್ಧಕ್ಕ ಬಿಡಾಕ ಬರತಿರಲಿಲ್ಲ. ಕಡೇಕ ನಡು ಮುಚ್ಚೂ ಮುಂದ ಹೋಳಿಗಿ ಚೂರು ಒಳಗಿಟ್ಟು ಹೊಲೀತಿದ್ರು ನಮ್ಮ ಮನ್ಯಾಗ. ಕೌದಿ ಹಸದಿರಬಾರದಂತ. ಅವತ್ತು ಆ ಹೋಳಿಗಿ ಮಾಡಾಕ ಇಬ್ಬರೂ ಮಾತಾಡಲೇಬೇಕಾತು.

ಸೊಸಿ: ಇದನ್ನ ನಾ ಒಯ್ಯತೇನಿ. ಬೆಳಗಾವ್ಯಾಗ ಚಳಿ ಭಾಳ.

ಅತ್ತಿ: ಒಯ್ಯಿ, ಹೊದ್ದುಕೋ. ಮಾನವಮಿ ಮುಂದ ಒಗಿ. ಒಬ್ಬಾಕಿ ಕೈಲೆ ಹಿಂಡಾಕ ಆಗೂದಿಲ್ಲ, ಇಬ್ಬರು ಬೇಕು, ಆಕಡೆ ಒಬ್ಬರು ಈಕಡೆ ಒಬ್ಬರು ನಿಂತು ತಿರುವಬೇಕು. ಗ್ವಾಡಿಗೆ ಮಾತ್ರ ತೂಗು ಹಾಕಬ್ಯಾಡ. ಹೈವೇ ಹೊಟೆಲ್‌ದಾಗ ನೋಡೇನಿ, ಯಾರದೋ ಮನಿ ಹಂಡೆ ತಂದಿಟ್ಟು ಅದರಾಗ ಪ್ಲಾಸ್ಟಿಕ್ ಹೂವು ತುಂಬ್ಯಾರ. ನಾ ಹತ್ತರ ಹೋಗಿ ಬಗ್ಗಿ ನೋಡಿದೆ, ಒಬ್ಬಾಕಿ ಹೆಸರಿತ್ತು. ವೇಟರ್ ಹುಡುಗ 'ಏನ್ ಬೇಕ್ರಿ' ಅಂದ. ಏನಂತ ಹೇಳಲಿ?

ಸೊಸಿ: ಫೋಟೋ ತಗದಿಟ್ರ ಸಾಲೂದಿಲ್ಲ? ಮೊಬೈಲ್‌ದಾಗ ಎಲ್ಲಾ ಹೆಸರು ಹಿಡದಿಡತೇನಿ.

ಅತ್ತಿ: ಹಿಡಿ. ಆದ್ರ ಅದೊಂದನ್ನ ನಂಬಬ್ಯಾಡ. ರಾಮದುರ್ಗದಾಗ ನನ್ನ ಜೋಡಿ ಮಾಸ್ತರಕಿ ಟ್ರೇನಿಂಗ್ ಮುಗಿಸಿದ ಗೆಳತಿ ಅದಾಳ, ನೇಕಾರರ ಮನಿಯಾಕಿ. 2019ರ ಆಗಸ್ಟಿನ್ಯಾಗ ಮಲಪ್ರಭಾ ಏರಿ ಬಂತಲ್ಲ, ಮುನವಳ್ಳಿ, ರಾಮದುರ್ಗ, ಸುರೇಬಾನ ಕಡೆ ಎಲ್ಲಾ ಮನಿಯೊಳಗ ನೀರು. ಅವರ ಕುಣಿಮಗ್ಗದಾಗ ರಾಡಿ ತುಂಬಿತು, ಹಾಸು ಹಾಕಿದ ನೂಲು ಕೊಳೀತು. ಮದಿವಿ ಆಲ್ಬಮ್ ಒಂದು ಮುದ್ದಿ ಆಗಿ ಸಿಕ್ತು, ಮಕ್ಕಳ ಸರ್ಟಿಫಿಕೇಟು ಹೋದ್ವು, ಫೋನು ಹೋತು. ನೀರು ಇಳದ ಮ್ಯಾಲ ಓಣಿ ತುದಿಯೊಳಗ ರಾಡಿಯಾಗ ಬಾಂಡೆ ಗುಂಪಿ ಬಿದ್ದಿತ್ತಂತ. ಯಾರದು ಯಾವುದು ಗೊತ್ತಾಗವಲ್ಲದು. ಹೆಸರಿದ್ದ ಹಿತ್ತಾಳಿ, ತಾಮ್ರದ್ದು ಅವರವರ ಮನಿಗೆ ಬಂದ್ವು. ಹೆಸರಿಲ್ಲದ ಸ್ಟೀಲಿನವಕ್ಕ ಜಗಳಾದ್ವು. ಇಕಿ ಕೊಡಾ ಮೂರು ಓಣಿ ಆಚೆ ಸಿಕ್ಕಿತ್ತು. ತಂದು ಕೊಟ್ಟಾಂವ ಸಾಲಿ ಹುಡುಗ. 'ಟೀಚರ್, ಇದು ನಿಮ್ಮ ಅವ್ವನ ಹೆಸರಲ್ಲರೀ?' ಅಂದನಂತ.

ಸೊಸಿ: ಹಂಗಾದ್ರ ಒಂದು ನೋಟಬುಕ್ ಮಾಡೂಣು. ಮದಿವ್ಯಾಗ ಮುಯ್ಯಿ ಬರೀತಾರಲ್ಲ, ಹಂಗ. ಯಾವ ಬಾಂಡೆ, ಯಾರ ಹೆಸರು, ಯಾವ ಕಾರಣಕ್ಕ ಬಂತು, ಅದರಾಗ ಏನ್ ಮಾಡತಿದ್ರು. ಕೌದಿದೂ ಬರೀತೇನಿ, ತುಂಡು ತುಂಡು.

ಅತ್ತಿ: ಜಗಳಾನೂ ಬರಿ. ಬರೇ ಚಲೋದು ಬರದ್ರ ಯಾರೂ ನಂಬೂದಿಲ್ಲ. ಬರದ ಮ್ಯಾಲ ಬಾಂಡೆ ಹಂಚೂಣು. ಯಾರ ಹೆಸರೈತೋ ಅವರ ಮಗಳಿಗೆ, ಮಗಳಿಲ್ಲಂದ್ರ ಮೊಮ್ಮಗಳಿಗೆ. ಯಾರಿಗೂ ಬ್ಯಾಡಾದದ್ದು ಮೋಡಕಾಕ್ಕ ಹೋಗಲಿ. ಎಲ್ಲಾ ಎದಿಗೆ ಅವಚಿಕೊಂಡು ಕುಂಡರಾಕ ನಮಗೇನ್ ಅರಮನಿ ಐತೇನ? ಹೆಸರು ಓದಿ, ಬರದುಕೊಂಡು, ಆಮ್ಯಾಲ ಹೋಗಲಿ.

ಸೊಸಿ: ಚರಗಿ?

ಅತ್ತಿ: ನಿನಗ. ದಿನಾ ನೀರು ಕುಡಿ. ಮತ್ತ ನಿಮ್ಮಪ್ಪಗ ನಾ ಇವತ್ತ ರಾತ್ರಿ ಹೇಳತೇನಿ. ಅಂವನ ಹೆಸರಿಗಿರೂ ಹೊಲದಾಗ ನಿನ್ನ ಹೆಸರು ನಿಮ್ಮಣ್ಣನ ಬಾಜೂಕ ಕುಂಡರಬೇಕು. ನಂದಂತೂ ಆತು, ನಿಂದು ಚರಗಿ ಮ್ಯಾಲ ಅಷ್ಟ ಉಳೀಬಾರದು.

ಸೊಸಿ: ಅಪ್ಪ ಒಪ್ಪದಿದ್ರ?

ಅತ್ತಿ: ಪಂಚಮಿಗೆ ನಾ ಬರೂದಿಲ್ಲ ಅಂತೇನಿ. ಅದು ಎರಡೂ ಕಡೆ ಕಡಿಯೂ ಕತ್ತಿ, ಅಂವಗ ಗೊತ್ತಿಲ್ಲ ಇನ್ನ. ನೀ ಬರಿಯೂದು ಬಲ್ಲಾಕಿ, ಇಷ್ಟು ಮಂದಿಗೆ ತಿಳಿಸು. ಬೈಲಹೊಂಗಲ ಇರಲಿ, ಕಿತ್ತೂರು ಇರಲಿ, ಸವದತ್ತಿ, ರಾಮದುರ್ಗ ಇರಲಿ, ಹಳೆ ಮನಿ ಕೆಡವಾಕತ್ತವರೆಲ್ಲಾ ಮೋಡಕಾದವನ್ನ ಕರೆಯೂ ಮುಂಚೆ ನ್ಯಾಗೊಂದಿ ಮ್ಯಾಲಿನ ಬಾಂಡೆ ಒಂದು ಸಲ ಬೆಳಗ್ರಿ. ಅದರ ಮ್ಯಾಲಿನ ಹೆಸರು ಓದಿ ಬರದಿಟ್ಟುಕೊಳ್ರಿ. ವಾರಸಾ ಹಚ್ಚೂ ಮುಂದ ಮನಿ ಹೆಣ್ಣುಮಕ್ಕಳ ಹೆಸರು ಬಿಡಬ್ಯಾಡ್ರಿ.